ಪಲ್ಲವಿ ಮುಗೀಲಿ, ಎತ್ತುತ್ತೀನಿ

ನಮ್ಮ ಬಳಗದ ಮಕ್ಕಳೆಲ್ಲ ಅವರನ್ನು ಟೋನ್ ಮಾವ ಅಂತಲೇ ಕರೆಯುವುದು. ಫೋನ್ ಇರುವುದು ಮಾತಾಡಲಿಕ್ಕೆ ಎಂಬ ಲೋಕರೂಢಿಯನ್ನು ಮಾವ ಒಪ್ಪುವುದಿಲ್ಲ. ಅದು ಬಾರಿಸಲಿಕ್ಕೆ ಇರುವುದು. ಕರೆ ಮಾಡುವವರು ಆ ಕಛೇರಿ ಶುರುಮಾಡಿಸಲು ದೇವರು ಕಳಿಸಿದ ಕೈಯಾಳುಗಳು.

ಚಟ ಹತ್ತಿದ್ದು ನೋಕಿಯಾ 3310ರ ಕಾಲದಲ್ಲಿ. ಅದರ ಕಂಪೋಸರ್‌ನಲ್ಲಿ 1ರಿಂದ 7ರವರೆಗಿನ ಗುಂಡಿಗಳೇ ಏಳು ಸ್ವರ, ಸೊನ್ನೆ ಒತ್ತಿದರೆ ಮೌನ. ಸರಳೆವರಸೆಯಲ್ಲೇ ಗುರುಗಳಿಂದ ಕೈಮುಗಿಸಿಕೊಂಡು ಎದ್ದು ಬಂದಿದ್ದ ಮಾವ ಇಲ್ಲಿ ವಾಗ್ಗೇಯಕಾರರಾದರು. ಸೊನ್ನೆಯ ಬಳಕೆ ಮಾತ್ರ ಕಡಿಮೆ. “ಆ ನೋಕಿಯಾ ಟ್ಯೂನು ತಾರ್ರೆಗಾ ಅನ್ನೋ ಸ್ಪೇನಿನವನು 1902ರಲ್ಲಿ ಗಿಟಾರಿಗೆ ಬರೆದಿದ್ದು ಕಣಯ್ಯಾ. ಬಸ್ಸಲ್ಲಿ ಅದು ಕೂಗಿದರೆ ಹತ್ತು ಜನ ಜೇಬು ಮುಟ್ಕೋತಾರೆ. ನಮ್ಮದು ಅಂತ ಒಂದು ಬೇಡವೇ?” ಎನ್ನುವರು.

ಈಗ ಅಟ್ಟದ ಕ್ಯಾಸೆಟ್ಟುಗಳೆಲ್ಲ ಕೆಳಗಿಳಿದಿವೆ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಎಳೆದು, ಆಡಾಸಿಟಿಯಲ್ಲಿ ಹಾಡು ಕತ್ತರಿಸುತ್ತಾರೆ. ಎಲ್ಲಿಂದ ಶುರು ಎಂಬುದೇ ದೊಡ್ಡ ಚರ್ಚೆ. ಗಾಯಕರು ಉಸಿರೆಳೆಯುವ ಸದ್ದು ಒಳಗಿರಬೇಕು, ಅದಕ್ಕೆ ಮುಂಚಿನ ಸಭಿಕರ ಕೆಮ್ಮು ಹೊರಗೆ. ಒಂದು ಕೆಮ್ಮಿಗಾಗಿ ಭಾನುವಾರವಿಡೀ ಕೂತದ್ದುಂಟು. ಆಂಡ್ರಾಯ್ಡ್ ಆದರೆ ಸರಿ, ತುಂಡನ್ನು ರಿಂಗ್‌ಟೋನ್ಸ್ ಫೋಲ್ಡರಿಗೆ ಎಸೆದರಾಯಿತು. ಅಳಿಯನ ಐಫೋನಿಗೆ ಕೂರಿಸಲೆಂದು ಗ್ಯಾರೇಜ್‌ಬ್ಯಾಂಡ್ ಆ್ಯಪ್ ಹೊಕ್ಕ ದಿನ ಮಾವ ಊಟಕ್ಕೇ ಏಳಲಿಲ್ಲ, ಅಳಿಯನಿಗೆ ಫೋನೂ ಸಿಗಲಿಲ್ಲ.

ಇಷ್ಟು ದುಡಿದವರು ಫೋನು ರಿಂಗಾದ ಕೂಡಲೇ ಎತ್ತಿಬಿಡುತ್ತಾರೆಯೇ? ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾರೆ. ಕೆಳಗೆ ಗ್ಯಾಸಿನವನು ಕರೆ ಮಾಡಿ ಮಾಡಿ ಸಿಲಿಂಡರ್ ವಾಪಸ್ ಒಯ್ಯುತ್ತಾನೆ. ಎತ್ತದ ಮೊಬೈಲ್ ಕರೆ 30 ಸೆಕೆಂಡು ರಿಂಗಾದರೆ ಸಾಕೆಂದು 2019ರ ನವೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಗದಿ ಮಾಡಿದಾಗ, ದೇಶದಲ್ಲಿ ಮನಸಾರೆ ನೊಂದವರು ಬಹುಶಃ ಇವರೊಬ್ಬರೇ. “ಲ್ಯಾಂಡ್‌ಲೈನಿಗೆ 60 ಕೊಟ್ಟಿದ್ದಾರಂತೆ! ಅದಕ್ಕೆ ಹಾಡು ಹಾಕೋದು ಹೇಗೆ, ಇವರಪ್ಪನ ತಲೆ!”

ಬಂಧುಗಳಿಗೆಲ್ಲ ಯೋಗ್ಯತೆಗೆ ತಕ್ಕ ಟೋನುಂಟು. ಸಾಲ ಕೇಳುವ ಭಾವಮೈದುನನಿಗೆ ಶೋಕರಾಗ. ಬೀಗರಿಗೆ ಮಾತ್ರ ಮಗಳ ಮದುವೆಯ ವಿಡಿಯೋದಿಂದಲೇ ಕತ್ತರಿಸಿದ ಗಟ್ಟಿಮೇಳ. ಮೊನ್ನೆ ಯಾರದೋ ಧಾರೆ. ಪುರೋಹಿತರು ಇನ್ನೂ ಸಂಕಲ್ಪದಲ್ಲಿದ್ದರು. ದಾರಿ ತಪ್ಪಿದ ಬೀಗರು ಛತ್ರ ಎಲ್ಲಿ ಅಂತ ಕೇಳಲು ಫೋನು ಮಾಡಿದರು. ಮಾವನ ಜೇಬಿನಲ್ಲಿ ಗಟ್ಟಿಮೇಳ ಮೊಳಗಿತು. ಹಿಂದಿನ ಸಾಲಿನವರು ಎದ್ದು ಅಕ್ಷತೆ ಎಸೆದೇಬಿಟ್ಟರು, ಮುಂದಿನವರೂ ಎಸೆದರು. ಕೆಲವರು ಸೀದಾ ಊಟದ ಹಾಲಿಗೆ ನಡೆದರು. ನಿಜವಾದ ಮುಹೂರ್ತದ ಹೊತ್ತಿಗೆ ಅಕ್ಷತೆಯೂ ಇಲ್ಲ, ಅರ್ಧ ಜನವೂ ಇಲ್ಲ. ಮಾವನಿಗೆ ನಾಚಿಕೆ ಆಯಿತೇ? “ಕ್ವಾಲಿಟಿ ನೋಡಿ, ವಾಲಗದವರೇ ಮೋಸಹೋದರು” ಎಂದರು.

ಅತ್ತೆಗೆ ಯಾವ ಟೋನು ಎಂದು ಬಹಳ ದಿನ ಗುಟ್ಟಾಗಿತ್ತು. ಮನೆಯ ಕುಕ್ಕರಿನ ವಿಷಲ್ಲನ್ನೇ ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಈಗ ಅಡುಗೆಮನೆಯಲ್ಲಿ ಬೇಳೆ ಬೆಂದು ಕುಕ್ಕರ್ ಕೂಗಿದರೆ, ಜಗಲಿಯಲ್ಲಿ ಕೂತ ಮಾವ ಗಡಬಡಿಸಿ ಫೋನು ಕಿವಿಗಿಟ್ಟು, “ಹೇಳೇ, ಬಂದೆ” ಎನ್ನುತ್ತಾರೆ.