ಮೊದಲನೇ ಕಂತು ಯಾವುದು ಸ್ವಾಮಿ?

ಐವತ್ತು ದಾಟಿದವರು ಹೊಸದಾಗಿ ವೀಣೆ ಕಲಿಯಲು ಹೊರಟರೆ ಜನ ಮೆಚ್ಚುತ್ತಾರೆ. ಯೋಗದ ಕ್ಲಾಸಿಗೆ ಸೇರಿದರೆ ಬೆನ್ನು ತಟ್ಟುತ್ತಾರೆ. ‘ಡಾಕ್ಟರ್ ಹೂ’ ನೋಡಲು ಶುರು ಮಾಡುತ್ತೇನೆ ಎಂದರೆ ಮಾತ್ರ ಗೊತ್ತಿಲ್ಲದವರು ‘ಯಾಕೆ, ಮೈಗೆ ಹುಷಾರಿಲ್ಲವೇ?’ ಎಂದು ವಿಚಾರಿಸುತ್ತಾರೆ. ಗೊತ್ತಿರುವವರು ‘ಎಲ್ಲಿಂದ ಶುರು ಮಾಡ್ತೀರಿ?’ ಎಂದು ಹುಬ್ಬೇರಿಸುತ್ತಾರೆ. ಅಪಾಯ ಇರುವುದು ಈ ಎರಡನೆಯ ಪ್ರಶ್ನೆಯಲ್ಲೇ.

ಇದು 1963ರ ನವೆಂಬರ್ 23ರ ಶನಿವಾರ ಸಂಜೆ ಬಿಬಿಸಿಯಲ್ಲಿ ಹುಟ್ಟಿದ ಧಾರಾವಾಹಿ. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೆನಡಿಯ ಹತ್ಯೆಯಾಗಿತ್ತು. ಯಾರ ಮನಸ್ಸೂ ಟೀವಿ ಕಥೆಯ ಮೇಲಿರಲಿಲ್ಲ. ಹಾಗಾಗಿ ಮರುವಾರ ಮೊದಲ ಕಂತನ್ನೇ ಇನ್ನೊಮ್ಮೆ ಹಾಕಿ, ಅದರ ಬೆನ್ನಿಗೆ ಎರಡನೆಯದನ್ನು ತೋರಿಸಿದರು. 1989ರವರೆಗೆ ಓಡಿ ನಿಂತಿತು. 1996ರಲ್ಲಿ ಒಂದು ಟೀವಿ ಸಿನಿಮಾ ಆಗಿ ಕಣ್ಣು ಬಿಟ್ಟು ಮತ್ತೆ ಮಲಗಿತು. 2005ರಲ್ಲಿ ಎದ್ದು ಕೂತದ್ದು, ಆಮೇಲೆ ಪೂರ್ತಿ ಮಲಗಿದ್ದಿಲ್ಲ. ಎಲ್ಲ ಸೇರಿಸಿದರೆ 850ಕ್ಕೂ ಹೆಚ್ಚು ಕಂತು. ಇಷ್ಟು ಸಾಲದು ಎಂಬಂತೆ 2005ರಲ್ಲಿ ಲೆಕ್ಕವನ್ನು ಮತ್ತೆ ಒಂದರಿಂದ ಎಣಿಸಿದರು, 2024ರಲ್ಲಿ ಇನ್ನೊಮ್ಮೆ ಒಂದರಿಂದ ಎಣಿಸಿದರು. ‘ಸೀಸನ್ ಒಂದರಿಂದ ನೋಡಿ’ ಎಂದು ಯಾರಾದರೂ ಹೇಳಿದರೆ ‘ಯಾವ ಒಂದು?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ನಮ್ಮಣ್ಣನ ಮಗಳು ಇದರ ಪರಮ ಭಕ್ತೆ. ಕೆಲಸ ಸಿಕ್ಕಿ ನಮ್ಮ ಮನೆಯಲ್ಲೇ ಉಳಿದುಕೊಂಡ ಮೇಲೆ, ಚಿಕ್ಕಪ್ಪನನ್ನು ಉದ್ಧಾರ ಮಾಡುವ ಹೊಣೆ ಅವಳ ಮೇಲೆ ಬಿತ್ತು. ಅವಳ ಸ್ನೇಹಿತರೂ ಕೈಜೋಡಿಸಿದರು. ಒಬ್ಬ 2005ರಿಂದ ಎಂದ. ಇನ್ನೊಬ್ಬಳು, ಅದರಲ್ಲಿ ಕಸದ ಡಬ್ಬ ಮನುಷ್ಯನನ್ನು ನುಂಗಿ ತೇಗುವ ದೃಶ್ಯವಿದೆ, ವಯಸ್ಸಾದವರು ಓಡಿಹೋಗುತ್ತಾರೆ, 2010ರಿಂದ ತೋರಿಸು ಎಂದಳು. ಮೂರನೆಯವನು, ಕಥಾನಾಯಕ ‘ಡಾಕ್ಟರ್’ ಪಾತ್ರ ಮಾಡಿದವರಲ್ಲಿ ಎಪ್ಪತ್ತರ ದಶಕದ ಟಾಮ್ ಬೇಕರ್ ಬಿಟ್ಟರೆ ಬೇರೆ ಡಾಕ್ಟರೇ ಇಲ್ಲ ಎಂದು ಪಟ್ಟು ಹಿಡಿದ. ಆ ಮಹಾನುಭಾವರ ಮಫ್ಲರ್ ನೆಲಕ್ಕೆ ತಾಗುತ್ತದೆ. ಹೆಣೆಯುವ ಹೆಂಗಸಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಉಲ್ಲನ್ ಕೊಟ್ಟಿದ್ದರಂತೆ, ಆಕೆ ಕೊಟ್ಟಷ್ಟನ್ನೂ ಹೆಣೆದುಬಿಟ್ಟರಂತೆ. ಧಾರಾವಾಹಿಯನ್ನೂ ಅದೇ ರೀತಿಯಲ್ಲಿ ಹೆಣೆದಿದ್ದಾರೆ ಎಂಬ ಗುಮಾನಿ ನನಗೆ ಆಗಲೇ ಬಂತು.

ನಾನಾದರೋ ಆದಿಪರ್ವ ಓದದೆ ಸಭಾಪರ್ವಕ್ಕೆ ಹೋಗುವವನಲ್ಲ. 1963ರಿಂದಲೇ ಆಗಲಿ ಎಂದೆ. ಮೊದಲ ಕಂತು ನಿಜಕ್ಕೂ ಚೆನ್ನಾಗಿದೆ. ಅದನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌನಲ್ಲಿ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಒಬ್ಬ ವಿಜ್ಞಾನದ ಮೇಷ್ಟ್ರು, ಒಬ್ಬರು ಚರಿತ್ರೆಯ ಟೀಚರು, ತರಗತಿಯಲ್ಲಿ ಅತಿ ಜಾಣೆಯಾದ ಹುಡುಗಿಯೊಬ್ಬಳ ಮನೆ ಎಲ್ಲಿದೆ ನೋಡೋಣ ಎಂದು ಹಿಂಬಾಲಿಸುತ್ತಾರೆ. ಮನೆ ಇರುವುದು ಗುಜರಿಯಲ್ಲಿ, ಪೊಲೀಸರ ಟೆಲಿಫೋನ್ ಪೆಟ್ಟಿಗೆಯೊಳಗೆ. ಹೊರಗಿನಿಂದ ನೀಲಿ ಬೀರು, ಒಳಗೆ ಕಲ್ಯಾಣಮಂಟಪ. ಅದೇ ಟಾರ್ಡಿಸ್, ಡಾಕ್ಟರ್ ಕಾಲದಲ್ಲೂ ದೇಶದಲ್ಲೂ ಓಡಾಡುವ ವಾಹನ. ಹೋದಲ್ಲಿಗೆ ತಕ್ಕಂತೆ ವೇಷ ಬದಲಿಸಬೇಕಾದ ಅದರ ಯಂತ್ರ ಆಗ ಕೆಟ್ಟದ್ದು, ಅರವತ್ತು ವರ್ಷವಾದರೂ ರಿಪೇರಿಯಾಗಿಲ್ಲ. ಅದು ಹೊರಡುವಾಗ ಬರುವ ಗೊರಗೊರ ಸದ್ದನ್ನು ಹಳೆಯ ಪಿಯಾನೋದ ತಂತಿಯ ಮೇಲೆ ಮನೆಯ ಬೀಗದ ಕೈ ಉಜ್ಜಿ ತೆಗೆದರಂತೆ. ಇದನ್ನು ಕೇಳಿದ ಮೇಲೆ ನನಗೆ ಆ ತಂಡದ ಮೇಲೆ ಗೌರವ ಹುಟ್ಟಿತು.

ಆದರೆ ಎರಡನೆಯ ಕಂತಿಗೆ ಎಲ್ಲರೂ ಶಿಲಾಯುಗಕ್ಕೆ ಹೋಗಿಬಿಡುತ್ತಾರೆ. ಅಲ್ಲಿ ತೊಗಲು ಹೊದ್ದ ಜನ ಬೆಂಕಿ ಹೊತ್ತಿಸುವುದು ಹೇಗೆಂದು ಮೂರು ಕಂತು ಜಗಳವಾಡುತ್ತಾರೆ. ಎರಡನೆಯ ಜಗಳದ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆನೆಂದು ಮನೆಯವರ ದೂರು. ಅಷ್ಟಾಗಿ ಕ್ರಮವಾಗಿ ನೋಡುತ್ತೇನೆಂದರೂ ನೋಡಲು ಸಿಗಬೇಕಲ್ಲ? ವಿಡಿಯೋ ಟೇಪು ದುಬಾರಿಯಿದ್ದ ಕಾಲದಲ್ಲಿ ಬಿಬಿಸಿಯವರು ಹಳೆಯ ಕಂತುಗಳನ್ನು ಅಳಿಸಿ, ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಮುದ್ರಿಸಿಕೊಂಡರು. ಅರವತ್ತರ ದಶಕದ ನೂರರ ಹತ್ತಿರ ಕಂತುಗಳು ಹಾಗೆ ಹೋದವು. ಕಳೆದುಹೋದ ಕೆಲವು ನೈಜೀರಿಯಾದ ಜೋಸ್ ಊರಿನ ಟೀವಿ ಕೇಂದ್ರದಲ್ಲಿ ದೂಳು ತಿನ್ನುತ್ತಾ ಸಿಕ್ಕವೆಂದು 2013ರಲ್ಲಿ ಸುದ್ದಿಯಾಯಿತು. ಉಳಿದವುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ, ಅದೂ ಅಂದಿನ ಹುಡುಗರ ಪುಣ್ಯದಿಂದ. ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಅಪ್ಪ ಅಮ್ಮನನ್ನು ಕೆಮ್ಮಬೇಡಿ ಎಂದು ಗದರಿಸಿ, ಧ್ವನಿಮುದ್ರಣ ಮಾಡಿಕೊಂಡ ಮಕ್ಕಳವು.

ಇಷ್ಟರಲ್ಲಿ ನಮ್ಮತ್ತೆ ಕಥೆಯೊಳಗೆ ಬಂದರು. ಕರೆಂಟು ಹೋಗಿ ಬಂದು, ಅವರ ಏಳು ಗಂಟೆಯ ಧಾರಾವಾಹಿ ತಪ್ಪಿಹೋಗಿತ್ತು. ‘ಯಾವುದೋ ಒಂದು ಹಾಕು’ ಎಂದು ಕಾಫಿ ಲೋಟ ಹಿಡಿದು ಕೂತರು. ಹುಡುಗಿ ಹಾಕಿದ್ದು ಒಬ್ಬ ಡಾಕ್ಟರ್ ಸಾಯುತ್ತಾ ಇನ್ನೊಬ್ಬನಾಗುವ ಕಂತು. ಮುಖದಿಂದ ತೋಳಿನಿಂದ ಬೆಳಕು ಚಿಮ್ಮಿ, ಹಳೆಯ ನಟ ಹೋಗಿ ಹೊಸ ನಟ ಬಂದ. ಅವಳು ರಿಮೋಟ್ ಒತ್ತಿ ನಿಲ್ಲಿಸಿ ವ್ಯಾಖ್ಯಾನಕ್ಕೆ ತೊಡಗಿದಳು. 1966ರಲ್ಲಿ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೈಕೊಟ್ಟಿತು, ಧಾರಾವಾಹಿ ನಿಲ್ಲಿಸುವ ಬದಲು ನಾಯಕನೇ ಮೈ ಬದಲಿಸುವ ಜಾತಿಯವನು ಎಂದು ಕಥೆ ಕಟ್ಟಿದರು, ಅಲ್ಲಿಂದ ಇದು ನಡೆದುಕೊಂಡು ಬಂದಿದೆ, ಹೊಸಬರಿಗೆ ಅರಗಿಸಿಕೊಳ್ಳುವುದು ಸ್ವಲ್ಪ ಕಷ್ಟ, ಇತ್ಯಾದಿ.

‘ಕಷ್ಟ ಏನೇ ಇದರಲ್ಲಿ?’ ಅಂದರು ಅತ್ತೆ. ‘ನಮ್ಮ ಧಾರಾವಾಹಿಯಲ್ಲಿ ದೊಡ್ಡ ಸೊಸೆ ತವರಿಗೆ ಹೋಗಿ ಬರೋದ್ರಲ್ಲಿ ಬೇರೆ ಹುಡುಗಿ ಆಗಿದ್ದಳು. ಗಂಡನೂ ಕೇಳಲಿಲ್ಲ, ಅತ್ತೆನೂ ಕೇಳಲಿಲ್ಲ. ಇವರು ಪಾಪ, ಬೆಳಕು ಬಿಟ್ಟು ಮರ್ಯಾದೆಯಾಗಿ ಹೇಳಿ ಬದಲಾಯಿಸ್ತಿದಾರೆ. ಮುಂದೆ ಹಾಕು.’

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕ್ರಮ ಎಂಬುದು ಉಳಿಯಲಿಲ್ಲ. ಡಾಕ್ಟರು ಯಾವ ಕಾಯಿಲೆಗೆ ಎಂದು ಅತ್ತೆ ಒಮ್ಮೆ ಕೇಳಿದರು. ಯಾವುದಕ್ಕೂ ಅಲ್ಲ, ಅದು ಅವನ ಹೆಸರು, ಅವನು ಗ್ಯಾಲಿಫ್ರೇ ಎಂಬ ಗ್ರಹದವನು, ಅವನಿಗೆ ಎರಡು ಹೃದಯ ಎಂದಾಗ, ಸ್ಟೆಂಟ್ ಹಾಕಿಸಿಕೊಂಡ ಅನುಭವಿಯಾದ ಅವರು ‘ಖರ್ಚೂ ಎರಡರಷ್ಟು’ ಎಂದು ನಿಟ್ಟುಸಿರು ಬಿಟ್ಟರು. ಡಾಕ್ಟರ ಕೈಯ ಮಾಯದ ಸ್ಕ್ರೂಡ್ರೈವರ್ ಬಹುತೇಕ ಎಲ್ಲ ಬೀಗವನ್ನೂ ತೆಗೆಯುತ್ತದೆ, ಆದರೆ ಮರದ ಮೇಲೆ ಅದರ ಆಟ ನಡೆಯುವುದಿಲ್ಲ ಎಂದು ತಿಳಿದಾಗ ನಮ್ಮ ತೇಗದ ಬಾಗಿಲನ್ನು ಹೆಮ್ಮೆಯಿಂದ ನೋಡಿದರು. ಡಾಲೆಕ್‌ಗಳನ್ನು ಕಂಡು ಮಾತ್ರ ಅವರು ಹೆದರಲಿಲ್ಲ. ಬ್ರಿಟನ್ನಿನ ಎರಡು ತಲೆಮಾರಿನ ಮಕ್ಕಳು ಸೋಫಾದ ಹಿಂದೆ ಅವಿತು ನೋಡಿದರೆಂದು ಹೇಳುವ ಆ ಲೋಹದ ರಾಕ್ಷಸರ ಒಂದು ಕೈ, ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿನ ಹಾಗಿದೆ. ‘ಒಂದನ್ನ ಇಲ್ಲೇ ಇಟ್ಕೊಳ್ಳೋಣ’ ಎಂದರು.

ಅಣ್ಣನ ಮಗಳು ಸೋತದ್ದು ಲೆಕ್ಕದಲ್ಲಿ. ಎಂಟನೆಯವನಿಗೂ ಒಂಬತ್ತನೆಯವನಿಗೂ ನಡುವೆ ಜಾನ್ ಹರ್ಟ್ ಮಾಡಿದ ಡಾಕ್ಟರೊಬ್ಬನಿದ್ದಾನೆ, 2013ರವರೆಗೆ ಮುಚ್ಚಿಟ್ಟಿದ್ದರು, ಅವನಿಗೆ ನಂಬರಿಲ್ಲ. 2020ರಲ್ಲಿ ಜೋ ಮಾರ್ಟಿನ್ ಎಂಬ ನಟಿ ಇನ್ನೊಬ್ಬ ಡಾಕ್ಟರ್ ಆಗಿ ಬಂದರು, ಅವರಿಗೂ ನಂಬರಿಲ್ಲ. ಹತ್ತನೆಯವನೇ ಹದಿನಾಲ್ಕನೆಯವನಾಗಿ ತಿರುಗಿ ಬಂದ. 2023ರಲ್ಲಿ ಆ ಹದಿನಾಲ್ಕನೆಯವನು ಸಾಯುವ ಬದಲು ಎರಡಾಗಿ ಸೀಳಿ, ಹದಿನೈದನೆಯವನು ಪಕ್ಕದಲ್ಲೇ ನಿಂತ. ಸುತ್ತಿಗೆಯಿಂದ ಒಂದೇಟು ಹಾಕಿದ್ದಕ್ಕೆ ಟಾರ್ಡಿಸ್ ಕೂಡ ಎರಡಾಯಿತು, ತಲೆಗೊಂದು. ‘ಹಿಸ್ಸೆ ಸರಿಯಾಗಿ ಆಯ್ತು, ಕೋರ್ಟು ಕಚೇರಿ ಅಂತ ಅಲೀಲಿಲ್ಲವಲ್ಲ, ಸದ್ಯ’ ಎಂದರು ಅತ್ತೆ. ಜಮೀನಿನ ದಾವೆಯಲ್ಲಿ ಅರ್ಧ ಆಯುಸ್ಸು ಕಳೆದ ಮನೆತನ ಅವರದು.

ಸಂಬಂಧಗಳ ವಿಷಯಕ್ಕಂತೂ ಅವರನ್ನು ಬಿಟ್ಟರಿಲ್ಲ. ಐದನೆಯ ಡಾಕ್ಟರಾಗಿದ್ದ ಪೀಟರ್ ಡೇವಿಸನ್ ಅವರ ಸ್ವಂತ ಮಗಳು ಜಾರ್ಜಿಯಾ, 2008ರಲ್ಲಿ ಹತ್ತನೆಯ ಡಾಕ್ಟರಾದ ಡೇವಿಡ್ ಟೆನೆಂಟ್‌ಗೆ ಮಗಳಾಗಿ ನಟಿಸಿದರು. 2011ರಲ್ಲಿ ಅವರಿಬ್ಬರೂ ಮದುವೆಯಾದರು. ಅತ್ತೆ ಬೆರಳು ಮಡಚಿ ಎಣಿಸಿ, ‘ಹಾಗಿದ್ರೆ ಡಾಕ್ಟರು ತನಗೆ ತಾನೇ ಅಳಿಯ ಆದ’ ಎಂದು ತೀರ್ಪು ಕೊಟ್ಟರು. ಅಪೀಲಿಗೆ ಜಾಗವೇ ಇರಲಿಲ್ಲ. ಕಥೆಯೊಳಗಿನ ಹೆಂಡತಿ ರಿವರ್ ಸಾಂಗ್‌ಳ ಪ್ರಕರಣ ಇನ್ನೂ ಚೆಂದ. ಡಾಕ್ಟರ್ ಅವಳನ್ನು ಮೊದಲ ಸಲ ಭೇಟಿಯಾಗುವ ದಿನ ಅವಳ ಕಡೆಯ ದಿನ. ಇವನಿಗೆ ಅವಳು ಯಾರೆಂದೇ ಗೊತ್ತಿಲ್ಲ, ಅವಳಿಗೆ ಇವನ ಪೂರ್ತಿ ಬಾಳು ಗೊತ್ತು. ಗಂಡ ಹೆಂಡತಿಯೇ ಮೊದಲ ಕಂತಿನಿಂದ ಶುರು ಮಾಡಿಲ್ಲ, ನಮಗೇಕೆ ಆ ಹಠ ಎಂದು ನನಗೆ ಹೊಳೆದದ್ದು ಆಗ.

ಒಂದೇ ಒಂದು ರಾತ್ರಿ ಅತ್ತೆ ತಮಾಷೆ ಮಾಡಲಿಲ್ಲ. 2018ರ ‘ಡೀಮನ್ಸ್ ಆಫ್ ದ ಪಂಜಾಬ್’ ಕಂತು, ವಿನಯ್ ಪಟೇಲ್ ಬರೆದದ್ದು. ಆಗ ಡಾಕ್ಟರ್ ಹೆಂಗಸು, ಜೋಡಿ ವಿಟ್ಟೇಕರ್. ಜೊತೆಗಾರ್ತಿ ಯಾಸ್ಮಿನ್ ಖಾನ್‌ಳ ಅಜ್ಜಿಯ ಯೌವನ ನೋಡಲು 1947ರ ಆಗಸ್ಟ್ ತಿಂಗಳ ಪಂಜಾಬಿಗೆ ಹೋಗುತ್ತಾರೆ. ಗಡಿರೇಖೆ ಎಳೆದ ಹೊತ್ತಿನಲ್ಲೇ ಮುಸ್ಲಿಂ ಹುಡುಗಿಗೂ ಹಿಂದೂ ಹುಡುಗನಿಗೂ ಮದುವೆ, ಹೊಲದಲ್ಲಿ. ರಾಕ್ಷಸರಂತೆ ಕಾಣುವ ಅನ್ಯಲೋಕದವರು ಸುತ್ತ ತಿರುಗುತ್ತಾರೆ. ಕೊಲ್ಲುವವರು ಇವರೇ ಎಂದು ನಾವು ಕಾಯುತ್ತೇವೆ. ಅವರಾದರೋ, ಅಳುವವರಿಲ್ಲದೆ ಸಾಯುವವರ ಬಳಿ ನಿಂತು ಸಾಕ್ಷಿಯಾಗಲು ಬಂದವರು. ವರನ ಸಾವಿಗೆ ಕಾರಣನಾಗುವವನು ಅವನ ಒಡಹುಟ್ಟಿದ ತಮ್ಮ. ಡಾಕ್ಟರ್ ತಡೆಯುವುದಿಲ್ಲ, ತಡೆದರೆ ಯಾಸ್ಮಿನ್ ಹುಟ್ಟುವುದೇ ಇಲ್ಲ. ಬೆನ್ನು ತಿರುಗಿಸಿ ನಡೆದುಬಿಡುತ್ತಾಳೆ. ಮುಗಿದ ಮೇಲೆ ಅತ್ತೆ ‘ಆ ಅಜ್ಜಿ ಯಾರಿಗೂ ಹೇಳಿರಲಿಲ್ಲ ನೋಡು’ ಎಂದಷ್ಟೇ ಹೇಳಿ ಲೋಟ ತೊಳೆಯಲು ಎದ್ದರು. ಹಿಂದಿನ ಐವತ್ತೈದು ವರ್ಷದ ಕಥೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮ ಹುಡುಗಿಗಿಂತ ಹೆಚ್ಚು ಅವರಿಗೇ ತಟ್ಟಿತ್ತು.

ಕಳಪೆ ಕಂತುಗಳೂ ಬೇಕಾದಷ್ಟಿವೆ, ಭಕ್ತರ ಮುಂದೆ ಹೇಳಬೇಡಿ. 2025ರ ಮೇ ಕೊನೆಯಲ್ಲಿ ಹದಿನೈದನೆಯ ಡಾಕ್ಟರ್ ಮುಖ ಬದಲಿಸಿದಾಗ ಕಂಡದ್ದು, 2005ರಲ್ಲಿ ಗೆಳತಿ ರೋಸ್ ಆಗಿದ್ದ ಬಿಲ್ಲಿ ಪೈಪರ್ ಅವರ ಮುಖ. ನಮ್ಮ ಹುಡುಗಿ ‘ಇದು ಹೇಗೆ ಸಾಧ್ಯ’ ಎಂದು ತಲೆ ಮೇಲೆ ಕೈ ಹೊತ್ತಳು. ಅತ್ತೆಗೆ ಏನೂ ಅನ್ನಿಸಲಿಲ್ಲ.

ನೀವು ನೋಡುವುದಾದರೆ 2007ರ ‘ಬ್ಲಿಂಕ್’ ಕಂತಿನಿಂದ ಶುರು ಮಾಡಿ. ಮುಕ್ಕಾಲು ಗಂಟೆ. ಡಾಕ್ಟರ್ ಅದರಲ್ಲಿ ಇರುವುದೇ ಅಪರೂಪ, ಆದ್ದರಿಂದ ಎಷ್ಟನೆಯವನೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೀವು ನೋಡದಿದ್ದಾಗ ಮಾತ್ರ ಹತ್ತಿರ ಬರುವ ಕಲ್ಲಿನ ಪ್ರತಿಮೆಗಳು ಸಾಕು. ಹಿಡಿಸದಿದ್ದರೆ ಬಿಟ್ಟುಬಿಡಿ, ನಷ್ಟವಿಲ್ಲ. ಹಿಡಿಸಿದರೆ ಮುಂದಿನದನ್ನು ಕಣ್ಣು ಮುಚ್ಚಿ ಆರಿಸಿ. ಯಾರಾದರೂ ಎಲ್ಲಿದ್ದೀರಿ ಎಂದು ಕೇಳಿದರೆ ‘ಸೀಸನ್ ಒಂದರಲ್ಲಿ’ ಎನ್ನಿ. ಮೂರಿವೆ, ಯಾರೂ ಹಿಡಿಯಲಾರರು.