ಹಿಮ್ಮಡಿ ಬಚ್ಚಿಟ್ಟವರಿಗೆ ಅಥಣಿಯಿಂದ

‘ಹೊಸಬರಿಗೆ ಸುಲಭ’ ಎಂದು ಹಣೆಪಟ್ಟಿ ಹಚ್ಚಿ ಕಾಲುಚೀಲದ ಹೆಣಿಗೆ ಮಾದರಿ ಬರೆಯುವ ಮಹನೀಯರಿಗೆ ಶರಣು.

ನಿಮ್ಮ ಧೈರ್ಯ ಭಾಳ ದೊಡ್ಡದುರೀ. ಚಿಕ್ಕೋಡಿ, ನಿಪ್ಪಾಣಿಯಿಂದ ಕಾಗವಾಡದ ತನಕ ನಮ್ಮ ಕಾಲು ಪಳಗಿದ್ದೇ ಕಾಲ್ಮರಿಗೆ. ಒಂದು ಮೊಳೆಯಿಲ್ಲದೆ ತೊಗಲಿನ ದಾರದಲ್ಲೇ ಹೊಲಿದ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಬೆಳಗಾವಿ ಜಿಲ್ಲೆಗೂ ಅದರಲ್ಲಿ ಪಾಲು ಬಂತು. ಹೆಬ್ಬೆರಳು ಉಂಗುರದೊಳಗೆ ಹೋಗಬೇಕು, ಹಿಮ್ಮಡಿಗೆ ಗಾಳಿಯಾಡಬೇಕು. ಸಾಕ್ಸ್ ಎಂದರೆ ಸಾಲಿ ಯೂನಿಫಾರ್ಮು. ಉಣ್ಣೆ ಎಂದರೆ ಕುರುಬರ ಕಂಬಳಿ. ಅದು ಮಗ್ಗದ್ದು, ಹುಣಸೆಬೀಜದ ಗಂಜಿ ಕುಡಿದದ್ದು. ಇಂಥ ನಾವು ಮಾಗಿ ಚಳಿಗೆ ಆಯಿಗೊಂದು ಜೋಡಿ ಹೆಣೆಯಲು ಹೊರಟರೆ ಸುಲಭ ಎಂದುಬಿಟ್ಟಿರಿ!

ಶುರು ಸುಲಭವೇ. 64 ಕುಣಿಕೆ ಹಾಕಿ, ನಾಲ್ಕು ಕಡ್ಡಿಗೆ ಹಂಚಿ, ಐದನೆಯದರಿಂದ ಎರಡು ಸೀದಾ, ಎರಡು ಉಲ್ಟಾ. (ಎರಡು ಕೈಗೆ ಐದು ಕಡ್ಡಿ ಹೇಗೆ ಹಿಡಿಯಬೇಕೆಂಬುದು ಪಾಠದಲ್ಲಿಲ್ಲ.) ಗೇಣುದ್ದ ಇಳಿದ ಮೇಲೆ ಹಿಮ್ಮಡಿ ಎದುರಾಗುತ್ತದೆ. 32 ಕುಣಿಕೆ ಪಕ್ಕಕ್ಕಿಟ್ಟು, ಉಳಿದ 32ರ ಮೇಲೆ ಅತ್ತಿಂದಿತ್ತ ಪಟ್ಟಿ ಹೆಣೆಯಬೇಕು, ಸಾಲು ಮುಗಿಯುವ ಮೊದಲೇ ತಿರುಗಬೇಕು, ಎರಡು ಕುಣಿಕೆಯನ್ನು ಒಂದು ಮಾಡಬೇಕು, ಪಟ್ಟಿಯ ಅಂಚಿನಿಂದ ಹೊಸ ಕುಣಿಕೆ ಎತ್ತಬೇಕು. ಇಷ್ಟೆಲ್ಲ ಕಸರತ್ತಿಗೆ ನೀವು ದಯಪಾಲಿಸಿದ್ದು ಎರಡೇ ಪದ: ‘ಹಿಮ್ಮಡಿ ತಿರುಗಿಸಿ.’ ದಾಟಿದವರಿಗೆ ಕಾಲ್ಬೆರಳ ತುದಿ ಮುಚ್ಚುವ ಕಿಚನರ್ ಜೋಡಣೆ ಕಾದಿರುತ್ತದೆ. ಕಿಚನರ್ ಎಂದರೆ 1902ರಿಂದ 1909ರ ತನಕ ಹಿಂದುಸ್ತಾನದ ದಂಡಿಗೆಲ್ಲ ಮುಖ್ಯಸ್ಥನಾಗಿದ್ದ ಸಾಹೇಬ. ಹೊಸಬರ ಮೇಲೆ ದಂಡೆತ್ತಿ ಬರಲು ತಕ್ಕ ಹೆಸರೇ.

ನಿಜಕ್ಕೂ ಕನಿಕರವಿದ್ದರೆ ದಪ್ಪ ನೂಲು ಹೇಳಿ. ಕುಣಿಕೆ 40ರ ಆಸುಪಾಸಿಗೆ ಇಳಿಯುತ್ತವೆ. ಕಪ್ಪು ಬೇಡ, ತಿಳಿಬಣ್ಣ ಇರಲಿ, ಜಾರಿದ ಕುಣಿಕೆ ಕಣ್ಣಿಗೆ ಬೀಳುತ್ತದೆ. ಮೊದಲ ಜೋಡಿಗೆ ಹಿಮ್ಮಡಿಯನ್ನೇ ಬಿಡಿಸಿ: ಸೀದಾ-ಉಲ್ಟಾ ಪಟ್ಟಿಯನ್ನು ಕೆಲವು ಸುತ್ತಿಗೊಮ್ಮೆ ಒಂದೊಂದು ಕುಣಿಕೆ ಸರಿಸುತ್ತ ಹೋದರೆ ಕೊಳವೆ ತಿರುಚಿಕೊಂಡು ಕಾಲಿಗೆ ತಾನೇ ಒಗ್ಗುತ್ತದೆ. ತುದಿಯಲ್ಲಿ ಕುಣಿಕೆ ಇಳಿಸಿ, ಉಳಿದವುಗಳಲ್ಲಿ ನೂಲು ತೂರಿಸಿ, ಎಲೆಯಡಿಕೆ ಸಂಚಿಯ ಬಾಯಿಯಂತೆ ಜಗ್ಗಿಬಿಟ್ಟರಾಯಿತು. ಸಾಹೇಬರಿಗೆ ರಜೆ.

ಇನ್ನೊಂದು ಅರಿಕೆ. ಜಪಾನಿನ ತಾಬಿ ಕಾಲುಚೀಲದಲ್ಲಿರುವಂತೆ ಹೆಬ್ಬೆರಳಿಗೆ ಬೇರೆ ಖೋಲಿ ಬಿಟ್ಟ ಮಾದರಿಯೊಂದನ್ನು ಬರೆಯಿರಿ, ಆಯಿ ಕಾಲ್ಮರಿ ಬಿಡುವವಳಲ್ಲ. ಅದರ ಮೇಲೆ ಮಾತ್ರ ದಯಮಾಡಿ ‘ಭಾಳ ಕಠಿಣ’ ಎಂದೇ ಹಾಕಿ.

ಇಂತಿ,
ಅರ್ಧ ಸಾಕ್ಸಿನ ಒಡತಿ