ಮಾವನವರ ದೋಹಾ ಪ್ರವೇಶ

ಕತಾರಿನ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಹಿಂದೆ. ದೋಹಾದ ಅಲ್ ಸದ್ದ್ ಬಡಾವಣೆಗೆ ಬಂದಿಳಿದ ಅತ್ತೆ, ಮಾವ ಇದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಬೆಳಗಿನ ಜಾವ ಮೂರೂವರೆಗೇ ಸ್ನಾನ ಮುಗಿಸಿ, ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದರು. ಅದೂ ಶುಕ್ರವಾರ! ಊರಿಗೆ ಊರೇ ಮುಸುಕು ಹೊದ್ದು ಮಲಗಿರುವ ದಿನ.

ಸಂಜೆ ಸೂಕ್ ವಾಕಿಫ್ ಮಾರುಕಟ್ಟೆಗೆ ಹೊರಟೆವು. ಸ್ಪೇನಿನ ಫುಟ್‌ಬಾಲ್ ಆಟಗಾರ ಶಾವಿ ಗೊತ್ತಲ್ಲ? ಬಾರ್ಸಿಲೋನಾ ಬಿಟ್ಟು 2015ರಲ್ಲಿ ಅಲ್ ಸದ್ದ್ ಕ್ಲಬ್ಬಿಗೆ ಬಂದು, ಮೊದಲು ಆಟಗಾರನಾಗಿ, ಆಮೇಲೆ ಕೋಚ್ ಆಗಿ 2021ರವರೆಗೆ ಇಲ್ಲೇ ಇದ್ದ ಎಂದು ಮಾವನಿಗೆ ಹೆಮ್ಮೆಯಿಂದ ಹೇಳಿದೆ.

"ಆರು ವರ್ಷ ಇದ್ನಾ? ಸೈಟು ಗೀಟು ಮಾಡ್ಕೊಂಡ್ನಾ?"

ಗೋಲ್ಡ್ ಲೈನ್ ಮೆಟ್ರೊಗೆ ಚಾಲಕನೇ ಇಲ್ಲ ಎಂದಾಗ ಅತ್ತೆ ಕಂಬ ಗಟ್ಟಿಯಾಗಿ ಹಿಡಿದುಕೊಂಡರು. "ಡ್ರೈವರ್ ಸಂಬಳ ಉಳೀತಲ್ಲಪ್ಪ, ಮತ್ತೆ ಎರಡು ರಿಯಾಲ್ ಯಾಕೆ?" ರಿಯಾಲನ್ನು ರೂಪಾಯಿಗೆ ಗುಣಿಸುವ ರೋಗ ಮೊದಲ ದಿನವೇ ಅಂಟುತ್ತದೆ, ಆಮೇಲೆ ಒಂದು ಕಪ್ ಕರಕ್ ಚಹಾ ಕೂಡ ಗಂಟಲಲ್ಲಿ ಸಲೀಸಾಗಿ ಇಳಿಯದು.

ಸೂಕ್ ವಾಕಿಫ್‌ನಲ್ಲಿ ಒಂಟಿಚಕ್ರದ ಗಾಡಿ ತಳ್ಳುವ ಅಜ್ಜಂದಿರು, ಕೇಸರಿ, ಏಲಕ್ಕಿಯ ರಾಶಿ. ಅತ್ತೆ ಏಲಕ್ಕಿ ಮೂಸಿ, "ನಮ್ಮ ಸಕಲೇಶಪುರದ್ದರ ಮುಂದೆ ಏನೂ ಅಲ್ಲ" ಎಂದು ತೀರ್ಪು ಕೊಟ್ಟರು. ಪಕ್ಕದಲ್ಲೇ ಗಿಡುಗಗಳ ಆಸ್ಪತ್ರೆ. ಕಣ್ಣಿಗೆ ಚರ್ಮದ ಟೋಪಿ ಹಾಕಿಕೊಂಡ ಗಿಡುಗವೊಂದು ಯಜಮಾನನ ಕೈಮೇಲೆ ಗಂಭೀರವಾಗಿ ಕೂತಿತ್ತು. ಕತಾರ್ ಏರ್‌ವೇಸ್‌ನ ಎಕಾನಮಿ ಕ್ಯಾಬಿನ್ನಿನಲ್ಲಿ ಇಂಥ ಆರು ಹಕ್ಕಿಗಳವರೆಗೆ ಪ್ರಯಾಣ ಮಾಡಬಹುದು ಎಂದೆ.

ರಾತ್ರಿಯಿಡೀ ನಡುಸೀಟಿನಲ್ಲಿ ನಲುಗಿ ಬಂದಿದ್ದ ಮಾವ ಅದನ್ನೇ ದುರುಗುಟ್ಟಿ ನೋಡಿದರು. "ಇದಕ್ಕೆ ಕಿಟಕಿ ಸೀಟಾ?"